ದುಡಿದ ಕಬ್ಬಿಣದ ಋಣ

ಚೈತನ್ಯವಿಲ್ಲದ ಒಂದು ವಸ್ತುವಿಗೆ ಮನುಷ್ಯನು ಋಣಿಯಾಗಿರುವುದು ಸಾಧ್ಯವೆ? ಉಪಕಾರವೆಂಬುದು ಉಪಕರಿಸುವವನ ಸಂಕಲ್ಪವನ್ನು ಅಪೇಕ್ಷಿಸುವುದಾದರೆ, ಸಂಕಲ್ಪವೇ ಇಲ್ಲದ ಕಲ್ಲಿಗಾಗಲಿ ಕಬ್ಬಿಣಕ್ಕಾಗಲಿ ನಾವು ಕೃತಜ್ಞರಾಗುವುದು ಅರ್ಥಹೀನವೆಂದು ತರ್ಕವು ಒಂದೇ ಮಾತಿನಲ್ಲಿ ತೀರ್ಮಾನಿಸಿಬಿಡುತ್ತದೆ. ಆದರೆ ಆಶ್ವಯುಜ ಶುದ್ಧ ನವಮಿಯ ದಿನ ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಸುಮಾರು ಇಪ್ಪತ್ತು ಕಿಲೋಮೀಟರುಗಳ ದಾರಿಯನ್ನು ಹಿಡಿದವನು, ಗ್ಯಾರೇಜಿನ ಲೇತಿನಿಂದ ಮೊದಲ್ಗೊಂಡು ಮಾಚೇನಹಳ್ಳಿಯ ಎರಕದ ಕಾರ್ಖಾನೆಗಳ ಕುಲುಮೆಯವರೆಗೆ, ಬಸ್ಸು ಲಾರಿಗಳಿಂದ ಮೊದಲ್ಗೊಂಡು ಗದ್ದೆಯಂಚಿನ ಪಂಪ್‌ಸೆಟ್ಟಿನವರೆಗೆ, ಅರಿಶಿನ ಕುಂಕುಮ ಚೆಂಡುಹೂಗಳಿಂದ ಅಲಂಕೃತವಾಗದ ಒಂದು ಯಂತ್ರವನ್ನಾದರೂ ಕಾಣಲಾರನು. ಇಷ್ಟು ಜನ, ಇಷ್ಟು ಕಾಲದಿಂದ, ಇಷ್ಟು ಆಸ್ಥೆಯಿಂದ ನಡೆಸಿಕೊಂಡು ಬಂದಿರುವುದನ್ನು ಬರಿಯ ರೂಢಿಯೆಂದು ತಳ್ಳಿಹಾಕುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಅದರ ಒಳಗೆ ತರ್ಕವು ಕಾಣದೆ ಬಿಟ್ಟ ಒಂದು ಸತ್ಯವಿರಬೇಕೆಂಬುದು ನನ್ನ ನಂಬಿಕೆ.

ಋಣದ ವಿಚಾರದಲ್ಲಿ ನಮ್ಮ ಪೂರ್ವಿಕರ ದೃಷ್ಟಿ ಬಹು ಸೂಕ್ಷ್ಮವಾದುದು. ತೈತ್ತಿರೀಯ ಸಂಹಿತೆಯು ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಮೂರು ಋಣಗಳನ್ನು ಹೊತ್ತೇ ಬ್ರಾಹ್ಮಣನು ಹುಟ್ಟುತ್ತಾನೆಂದು ಹೇಳಿತು. ಶತಪಥ ಬ್ರಾಹ್ಮಣವು ಮನುಷ್ಯರಿಗೆ ಸಲ್ಲಬೇಕಾದ ನಾಲ್ಕನೆಯದನ್ನು ಸೇರಿಸಿತು. ಈ ಪಟ್ಟಿಯಲ್ಲಿ ಉಪಕರಣಕ್ಕೆ ಸ್ಥಾನವಿಲ್ಲ. ಆದರೆ ಸ್ಮೃತಿಕಾರರು ಮನೆಯ ಒಳಹೊಕ್ಕು ನೋಡಿದಾಗ, ಒಲೆ, ಬೀಸುವ ಕಲ್ಲು, ಪೊರಕೆ, ಒರಳು ಒನಕೆ, ನೀರಿನ ಕೊಡ ಎಂಬ ಐದನ್ನೂ ಪಂಚಸೂನೆಗಳೆಂದು, ಅಂದರೆ ಗೃಹಸ್ಥನು ತಿಳಿಯದೆಯೆ ಜೀವಹಿಂಸೆಗೈಯುವ ಐದು ಸ್ಥಾನಗಳೆಂದು ಗುರುತಿಸಿ, ಅವುಗಳ ದೋಷಕ್ಕೆ ಪ್ರತಿಯಾಗಿ ಐದು ಮಹಾಯಜ್ಞಗಳನ್ನು ವಿಧಿಸಿದರು. ಹೊಲದ ಕಡೆ ತಿರುಗಿದಾಗ ಅವರ ಮಾತು ಇನ್ನೂ ಕಠಿಣವಾಯಿತು: ಕಬ್ಬಿಣದ ಮೂತಿಯ ಮರವು ಭೂಮಿಯನ್ನೂ ಭೂಮಿಯೊಳಗೆ ಮಲಗಿರುವ ಪ್ರಾಣಿಗಳನ್ನೂ ಕೊಲ್ಲುತ್ತದೆಂದು ಮನುಸ್ಮೃತಿ ನೇಗಿಲನ್ನು ದೂಷಿಸಿತು; ಮೀನು ಕೊಲ್ಲುವವನಿಗೆ ವರ್ಷಕ್ಕೆ ತಗಲುವ ಪಾಪ ಉಳುವವನಿಗೆ ಒಂದೇ ದಿನದಲ್ಲಿ ತಗಲುವುದೆಂದು ಪರಾಶರಸ್ಮೃತಿ ಹೇಳಿತು. ಉಳದೆ ಅನ್ನವಿಲ್ಲವೆಂಬುದನ್ನು ಅರಿತೇ ಈ ಮಾತನ್ನು ಆಡಿದವರು, ಉಳುವುದನ್ನು ನಿಷೇಧಿಸಲಿಲ್ಲ. ಕಣದಲ್ಲಿ ರಾಶಿಯ ಮುಂದೆ ನಿಂತು ದಾನ ಮಾಡಿ ಶುದ್ಧನಾಗೆಂದರು. ಈ ಇಡೀ ವಿಚಾರಸರಣಿಯಲ್ಲಿ ನನಗೆ ಮುಖ್ಯವಾಗಿ ತೋರುವುದು ಇಷ್ಟೆ: ಉಪಕರಣವೆಂಬುದು ಮನುಷ್ಯನನ್ನು ಲೋಕದ ಇತರ ಜೀವಗಳ ಲೆಕ್ಕದೊಳಕ್ಕೆ ಎಳೆದು ತರುವ ಸ್ಥಾನ. ಅದನ್ನು ಕೈಯಲ್ಲಿ ಹಿಡಿದ ಕ್ಷಣದಿಂದ ಅವನು ಯಾರಿಗೋ ಏನನ್ನೋ ಕೊಡಬೇಕಾದವನು.

ಪರಾಶರನ ಗ್ರಂಥದಲ್ಲಿಯೇ ಎತ್ತುಗಳ ವಿಷಯವೂ ಬರುತ್ತದೆ. ಹಸಿದುದನ್ನು, ಬಾಯಾರಿದುದನ್ನು, ದಣಿದುದನ್ನು ಹೂಡಬಾರದು. ಎಂಟು ಎತ್ತುಗಳನ್ನು ಸರದಿಯ ಮೇಲೆ ಹೂಡುವ ನೇಗಿಲು ಧರ್ಮ್ಯವಾದುದು, ನಾಲ್ಕರದು ಕ್ರೂರಿಗಳದು, ಎರಡೇ ಎತ್ತುಗಳಿಂದ ಉಳುವವರು ವೃಷಭಘಾತಕರು. ಈ ಲೆಕ್ಕದಲ್ಲಿ ನಮ್ಮ ತಾತಂದಿರೆಲ್ಲರೂ ಅಪರಾಧಿಗಳು, ಏಕೆಂದರೆ ಒಂದು ಜೊತೆ ಎತ್ತನ್ನು ಸಾಕುವುದೇ ಬಡರೈತನಿಗೆ ಭಾರವಾಗಿತ್ತು. ಭದ್ರಾ ನಾಲೆಯ ಕೆಳಗಣ ಗದ್ದೆಯ ಮೊಣಕಾಲುದ್ದದ ಕೆಸರಿನಲ್ಲಿ ನೊಗ ಹೊತ್ತ ಎತ್ತಿನ ಹೆಗಲು ಹುಣ್ಣಾಗಿ, ಅದರ ಮೇಲೆ ಬೇವಿನೆಣ್ಣೆ ಸವರಿ ಮತ್ತೆ ಮರುದಿನ ಹೂಡುತ್ತಿದ್ದುದನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಅಂಥ ಕಾಲಕ್ಕೆ ಟ್ರಾಕ್ಟರು ಬಂದಿತು. 1959ರಲ್ಲಿ ಫರೀದಾಬಾದಿನಲ್ಲಿ ಐಷರ್ ಸಂಸ್ಥೆ ಭಾರತದಲ್ಲಿ ತಯಾರಾದ ಮೊದಲ ಟ್ರಾಕ್ಟರನ್ನು ಹೊರತಂದಿತು. ಮುಂದಿನ ಒಂದು ದಶಕದೊಳಗೆ ಮದರಾಸಿನಿಂದ ಮ್ಯಾಸಿ ಫರ್ಗುಸನ್, ಮುಂಬಯಿಯ ಮಹೀಂದ್ರದವರಿಂದ ಇಂಟರ್‌ನ್ಯಾಷನಲ್ ಬಿ-275, 1971ರ ಬಳಿಕ ಜೆಕೊಸ್ಲೊವಾಕಿಯದ ಸಹಯೋಗದಿಂದ ಎಚ್.ಎಂ.ಟಿ. ಝೀಟರ್, ಹೀಗೆ ಒಂದೊಂದಾಗಿ ಮಲೆನಾಡಿನ ಸೆರಗಿಗೂ ಬಂದುವು. ನೋವನ್ನು ಅರಿಯದ ಹೆಗಲೊಂದು ನೋವನ್ನರಿಯುವ ಹೆಗಲಿನಿಂದ ಭಾರವನ್ನು ಇಳಿಸಿಕೊಂಡಿತು. ಯಂತ್ರದ ಜಡತೆಯನ್ನೇ ನಾವು ಅದರ ದೋಷವೆಂದು ಎಣಿಸುತ್ತೇವೆ. ಎತ್ತಿನ ದೃಷ್ಟಿಯಿಂದ ನೋಡಿದರೆ ಆ ಜಡತೆಯೇ ಕರುಣೆ. ಆ ಕರುಣೆಯ ಹಿಂದೆಯೇ ಕೊಟ್ಟಿಗೆಗಳು ಬರಿದಾದುವೆಂಬುದೂ, ನೊಗದಿಂದ ಬಿಡುಗಡೆ ಹೊಂದಿದ ಎತ್ತು ಮನೆಯಿಂದಲೂ ಹೊರಬಿದ್ದಿತೆಂಬುದೂ ಈ ಲೆಕ್ಕದ ಇನ್ನೊಂದು ಮಗ್ಗುಲು.

ಇಂಥ ಹಳೆಯ ಟ್ರಾಕ್ಟರುಗಳನ್ನು ಒಂದೆಡೆ ಸೇರಿಸಿ ಮಹಾನವಮಿಯ ದಿನ ಪೂಜಿಸಬೇಕೆಂದು ನಮ್ಮ ಬಳಗದವರು ನಿಶ್ಚಯಿಸಿ, ನಾಲೆಯ ಬದಿಯ ಮೂಲಮನೆಯ ಅಂಗಳಕ್ಕೆ ಎಲ್ಲ ಮನೆಗಳವರನ್ನೂ ಕರೆಸಿದಾಗ ನಡೆದ ಒಂದು ಸಂವಾದವು ಈ ಪ್ರಶ್ನೆಯನ್ನು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ನಿಲ್ಲಿಸಿತು. ತಾತನವರು ಕೊಂಡಿದ್ದ ಝೀಟರ್, ಚಿಕ್ಕಪ್ಪನ ಮನೆಯ ಬಿ-275 ಇವೆರಡೂ ತಾವಾಗಿಯೇ ನಡೆದು ಬಂದುವು. ಸೋದರತ್ತೆಯ ಮನೆಯ ಮ್ಯಾಸಿಯ ಎಂಜಿನ್ನು ಎಂದೋ ಕೆಟ್ಟುಹೋಗಿದ್ದುದರಿಂದ ಅದನ್ನು ಸರಪಣಿ ಕಟ್ಟಿ ಎಳೆದು ತಂದರು. ಎಳೆಯುವ ಗಾಡಿಯ ಹಿಂದೆ ಬರುವ ಗಾಡಿಗೂ ಸ್ಟೇರಿಂಗ್ ಹಿಡಿಯುವ ಕೈ ಬೇಕಷ್ಟೆ. ಅದರ ಮೇಲೆ, ಗೋಣಿತಾಟು ಕಟ್ಟಿದ ಆ ಕಬ್ಬಿಣದ ಸೀಟಿನಲ್ಲಿ, ಅದನ್ನು ಮೊದಲ ದಿನದಿಂದ ಓಡಿಸಿದ ಮುದುಕನೇ ಕುಳಿತು ಬಂದನು. ಸೈಲೆನ್ಸರಿನ ಬಾಯಿಗೆ ಮಳೆನೀರು ಇಳಿಯದಂತೆ ಕವುಚಿದ್ದ ತಗಡಿನ ಡಬ್ಬಿ ಹಾಗೆಯೇ ಇತ್ತು. ಎಡಗಡೆಯ ಮಡ್‌ಗಾರ್ಡಿನ ಮೇಲೆ, ಎರಡು ತಲೆಮಾರಿನ ಮಕ್ಕಳು ಕುಳಿತು ಸವೆಸಿದ ಜಾಗದಲ್ಲಿ, ಬಣ್ಣವೆಲ್ಲ ಹೋಗಿ ಕಬ್ಬಿಣವು ತೊಳೆದ ಹಿತ್ತಾಳೆಯಂತೆ ನುಣುಪಾಗಿತ್ತು.

ಸೋದರತ್ತೆ ಬಾನೆಟ್ಟಿಗೆ ವಿಭೂತಿಯ ಮೂರು ಪಟ್ಟೆ ಎಳೆದು, ಕುಂಕುಮವಿಟ್ಟು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಡುವ ಹೊತ್ತಿಗೆ, ಇಷ್ಟಲಿಂಗಪೂಜೆಯಲ್ಲದೆ ಬೇರೆ ಪೂಜೆಯನ್ನು ಅರಿಯದ ದೊಡ್ಡಪ್ಪನವರು ಜಗಲಿಯಿಂದಲೇ ಕೇಳಿದರು: “ಅಲ್ಲವ್ವಾ, ಕೊರಳಲ್ಲಿ ಲಿಂಗ ಇಟ್ಕೊಂಡು ಈ ಕಬ್ಬಿಣಕ್ಕೆ ಕೈ ಮುಗೀತೀಯಲ್ಲ, ಇದು ಸರಿಯಾ?” ಅತ್ತೆ ತಿರುಗಿ ನೋಡದೆಯೇ ಉತ್ತರಿಸಿದರು: “ದೇವ್ರು ಅಂತ ಮುಗೀತಿಲ್ಲಣ್ಣ. ನನ್ ದಿಬ್ಬಣ ಹೊರಟಿದ್ದು ಆ ಝೀಟರಿನ ಟ್ರೇಲರಲ್ಲಿ, ನನ್ ಮಕ್ಕಳ ಫೀಜು ಕಟ್ಟಿದ್ದು ಈ ಮ್ಯಾಸಿ. ಉಂಡ ಮನೆಗೆ ಕೈ ಮುಗಿಯಲ್ವಾ ನಾವು?” ದೊಡ್ಡಪ್ಪನವರು ಸುಮ್ಮನಾದರು, ಆದರೆ ಒಪ್ಪಿದಂತೆ ತೋರಲಿಲ್ಲ.

ದೊಡ್ಡಪ್ಪನವರ ಆಕ್ಷೇಪಣೆ ಹಗುರವಾದುದಲ್ಲ. ಇದೇ ಜಿಲ್ಲೆಯ ಬಳ್ಳಿಗಾವೆಯಲ್ಲಿ ಹುಟ್ಟಿದ ಅಲ್ಲಮಪ್ರಭುಗಳ ಪರಂಪರೆ ಅವರ ಹಿಂದೆ ನಿಂತಿದೆ. ತೋಟದಲ್ಲಿ ಗುದ್ದಲಿ ಹಿಡಿದು ದುಡಿಯುತ್ತಿದ್ದ ಗೊಗ್ಗಯ್ಯನನ್ನು ಕಂಡ ಪ್ರಭುದೇವರು, ಹೊರಗಿನ ಈ ಕೃಷಿಯಿಂದ ಒಳಗಿನ ಕೃಷಿಗೆ ಅವನ ಚಿತ್ತವನ್ನು ತಿರುಗಿಸಿದರೆಂಬ ಪ್ರಸಂಗವನ್ನು ಚಾಮರಸನ ಕಾವ್ಯ ಓದಿದವರೆಲ್ಲ ಬಲ್ಲರು. ಹೊರಗಿನ ಉಪಕರಣವನ್ನು ಬಿಟ್ಟು ಅಂತರಂಗದ ಉಪಕರಣವನ್ನು ಹಿಡಿಯೆಂದ ಗುರುವಿನ ಮುಂದೆ ಟ್ರಾಕ್ಟರಿಗೆ ವಿಭೂತಿ ಬಳಿಯುವುದು ಹಿಂದಕ್ಕೆ ಹೆಜ್ಜೆಯಿಟ್ಟಂತೆ ಅಲ್ಲವೆ? ಶರಣರು ಕಂಡಕಂಡುದಕ್ಕೆಲ್ಲ ಕೈಮುಗಿಯುವ ಅಭ್ಯಾಸವನ್ನು ಖಂಡಿಸಿದ್ದಕ್ಕೆ ಕಾರಣವುಂಟು. ಭಯದಿಂದಲೂ ಲಾಭದಾಸೆಯಿಂದಲೂ ಮಾಡುವ ಪೂಜೆಯು ಮನುಷ್ಯನನ್ನು ಕುಗ್ಗಿಸುತ್ತದೆ. ಅಪಘಾತವಾಗದಿರಲಿ, ಬಾಡಿಗೆ ಹೆಚ್ಚು ಸಿಗಲಿ ಎಂದು ಬೂದುಗುಂಬಳ ಒಡೆಯುವವನು ಕಬ್ಬಿಣದೊಡನೆ ವ್ಯಾಪಾರಕ್ಕಿಳಿದವನು, ಅವನ ವಿಷಯದಲ್ಲಿ ದೊಡ್ಡಪ್ಪನವರ ಮಾತೇ ಸರಿ.

ಆದರೆ ಅದೇ ಶರಣಪರಂಪರೆಯಲ್ಲಿ ನುಲಿಯ ಚಂದಯ್ಯನ ಐತಿಹ್ಯವೂ ಇದೆ. ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗವು ಜಾರಿ ಬಿದ್ದರೂ, ಕಾಯಕ ನಿಲ್ಲಬಾರದೆಂದು ಹಿಂತಿರುಗದೆ ನಡೆದವನು ಅವನು. ಕಾಯಕಕ್ಕೆ ಲಿಂಗಕ್ಕಿಂತ ಮಿಗಿಲಾದ ಮರ್ಯಾದೆಯನ್ನು ಕೊಡಬಲ್ಲ ಧರ್ಮವು ಕಾಯಕದ ಕೈಗೆ ನೆರವಾದ ವಸ್ತುವನ್ನು ತೃಣವಾಗಿ ಕಾಣುವುದೆಂದು ನಾನು ಭಾವಿಸಲಾರೆ. ಅತ್ತೆಯವರು ಮಾಡಿದ ಭೇದವೇ ಇಲ್ಲಿ ನಿರ್ಣಾಯಕವಾದುದು: ಕೈಮುಗಿಯುವುದೆಲ್ಲ ದೈವತ್ವದ ಆರೋಪವಲ್ಲ. ಋಣವೆಂಬುದು ಕೊಟ್ಟವನ ಅರಿವಿನಲ್ಲಿ ನೆಲಸಿರುವುದಲ್ಲ, ಪಡೆದವನ ಅಂತಃಕರಣದಲ್ಲಿ ನೆಲಸಿರುವುದು. ಸತ್ತುಹೋದ ತಂದೆ ನನ್ನ ಕೃತಜ್ಞತೆಯನ್ನು ಅರಿಯಲಾರನು, ಆದರೂ ನಾನು ಋಣಿ. ನೆರಳು ಕೊಟ್ಟ ಮರವು ಅರಿಯಲಾರದು, ಆದರೂ ಅದನ್ನು ಕಾರಣವಿಲ್ಲದೆ ಕಡಿಯುವಾಗ ಕೈ ನಡುಗುವುದು. ಎದುರಿನ ವಸ್ತುವಿಗೆ ಅರಿವಿಲ್ಲವೆಂಬ ಕಾರಣದಿಂದ ನನ್ನ ಅರಿವನ್ನೂ ನಾನು ಆರಿಸಿಕೊಳ್ಳಬೇಕೆಂಬುದು ಯಾವ ನ್ಯಾಯ? ಕುಪ್ಪಳಿಯ ಕವಿ ಉಳುವವನನ್ನು ಯೋಗಿಯೆಂದು ಕಂಡರು. ಯೋಗಿಯ ಆಸನಕ್ಕೂ ಕಮಂಡಲಕ್ಕೂ ಸಲ್ಲುವ ಮನ್ನಣೆ ಈ ಯೋಗಿಯ ಸಾಧನಕ್ಕೂ ಸಲ್ಲಬೇಕಾದುದೇ.

ಕಬ್ಬಿಣವನ್ನು ಕೇವಲ ಜಡವೆಂದು ಕರೆಯುವುದು ಬೇರೆ ಊರಿನವರಿಗೆ ಸುಲಭವಾಗಿರಬಹುದು, ಭದ್ರಾವತಿಯವರಿಗೆ ಅಷ್ಟು ಸುಲಭವಲ್ಲ. ಹಿಂದೆ ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಈ ಊರಿನಲ್ಲಿ, ವಿಶ್ವೇಶ್ವರಯ್ಯನವರ ಸಂಕಲ್ಪದಿಂದ 1918ರಲ್ಲಿ ಆರಂಭವಾಗಿ 1923ರಲ್ಲಿ ಕುಲುಮೆ ಹೊತ್ತಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಯು, ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಅದಿರನ್ನೂ ಮಲೆನಾಡಿನ ಕಾಡುಗಳಿಂದ ಸೌದೆಯನ್ನೂ ತರಿಸಿ, ಸೌದೆಯನ್ನು ಇದ್ದಲಾಗಿಸಿ, ಇದ್ದಲಿನ ಬೆಂಕಿಯಲ್ಲಿ ಅದಿರನ್ನು ಕರಗಿಸಿ ಕಬ್ಬಿಣ ಮಾಡಿತು. ಬೆಟ್ಟವೊಂದರ ಮೈ, ಕಾಡೊಂದರ ಆಯುಷ್ಯ, ಕುಲುಮೆಯ ಬಾಗಿಲಲ್ಲಿ ನಿಂತವರ ಬೆವರು, ಇವು ಮೂರೂ ಕೂಡಿ ಘನೀಭವಿಸಿದ ವಸ್ತುವಿಗೆ ಕಬ್ಬಿಣವೆಂಬ ಹೆಸರು. ಅದರ ಮುಂದೆ ತಲೆಬಾಗುವವನು ಅರಿತೋ ಅರಿಯದೆಯೋ ಆ ಮೂರಕ್ಕೂ ತಲೆಬಾಗುತ್ತಾನೆ. 2023ರ ಜನವರಿಯಲ್ಲಿ ಉಕ್ಕು ಪ್ರಾಧಿಕಾರದವರು ಆ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವನ್ನು ಪ್ರಕಟಿಸಿದಾಗ ಗೇಟಿನ ಮುಂದೆ ಧರಣಿ ಕುಳಿತ ಗುತ್ತಿಗೆ ಕಾರ್ಮಿಕರು ಕೇಳಿದ್ದು ಸಂಬಳವನ್ನು, ಉದ್ಯೋಗವನ್ನು. ಅದು ನ್ಯಾಯವಾದ ಕೇಳಿಕೆ. ಆದರೆ ಅವರ ಹಿಂದೆ ಊರಿಗೆ ಊರೇ ಮರುಗಿದ್ದು, ದುಡಿದು ನಿಂತ ಯಂತ್ರಕ್ಕೂ ಅದರ ಸುತ್ತ ಬೆಳೆದ ಬದುಕಿಗೂ ಯಾರೋ ಏನನ್ನೋ ಕೊಡಬೇಕಾಗಿದೆ ಎಂಬ ಭಾವದಿಂದಲೆಂದು ನಾನು ತಿಳಿಯುತ್ತೇನೆ.

ಋಣವೆಂದೊಡನೆ ಬ್ಯಾಂಕಿನ ಸಾಲವೂ ನೆನಪಾಗಬೇಕು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರು ಎತ್ತಿದ ದನಿಯು 1974ರ ಭೂಸುಧಾರಣೆಯ ಕಾಯಿದೆಯಾಗಿ ಫಲಿಸಿ, ಉಳುವವನು ಹೊಲದೊಡೆಯನಾದ ಮೇಲೆ, 1969ರಲ್ಲಿ ರಾಷ್ಟ್ರೀಕೃತವಾಗಿದ್ದ ಬ್ಯಾಂಕುಗಳು ರೈತನ ಬಾಗಿಲಿಗೆ ಬಂದುವು. ಟ್ರಾಕ್ಟರುಗಳಲ್ಲಿ ಬಹುಪಾಲು ಹೀಗೆ ಅಡವಿನ ಮೇಲೆಯೇ ಮನೆ ಸೇರಿದಂಥವು. ಕಂತು ತಪ್ಪಿದವರ ಮನೆಗೆ ಜಪ್ತಿಯವರು ಬರುವ ಭಯವನ್ನು ಈ ಸೀಮೆ ಬಲ್ಲದು. 1980ರಲ್ಲಿ ಹುಟ್ಟಿದ ರೈತಸಂಘವು ಅನುಮತಿಯಿಲ್ಲದೆ ಸಾಲವಸೂಲಿಗೆ ಊರೊಳಗೆ ಬರಕೂಡದೆಂದು ಹಳ್ಳಿಗಳ ಮುಂದೆ ಬೋರ್ಡು ನೆಟ್ಟದ್ದನ್ನೂ ಬಲ್ಲದು. ಆ ಸಾಲಕ್ಕೆ ಕೊನೆಯ ಕಂತು ಎಂಬುದೊಂದಿತ್ತು, ರಸೀದಿಯಿತ್ತು. ಅತ್ತೆ ವಿಭೂತಿ ಎಳೆದು ತೀರಿಸಲು ಹೊರಟ ಋಣಕ್ಕೆ ಅಂಥ ರಸೀದಿ ಇಲ್ಲ.

ಇನ್ನು ನನಗೆ ಬಹಳ ನೋವನ್ನುಂಟುಮಾಡಿದ ಒಂದು ಸಂಗತಿಯನ್ನು ಹೇಳಲೇಬೇಕು. ಪೂಜೆ ಮುಗಿದು, ಮಂಗಳಾರತಿಯಾಗಿ, ಹೋಳಿಗೆಯ ಊಟಕ್ಕೆ ಒಳಗಿನ ನಡುಮನೆಯಲ್ಲಿ ಪಂಕ್ತಿ ಕುಳಿತಾಗ, ಮಕ್ಕಳೆಲ್ಲ ಡ್ರೈವರಣ್ಣನೆಂದು ಕರೆಯುವ ಆ ಮುದುಕನು ತಾನಾಗಿಯೇ ಜಗಲಿಯ ತುದಿಗೆ ಹೋಗಿ ಕುಳಿತನು. ಹೋಗೆಂದು ಅವನಿಗೆ ಯಾರೂ ಹೇಳಲಿಲ್ಲ; ಹೇಳಬೇಕಾದ ಅಗತ್ಯವೇ ಇರಲಿಲ್ಲ. ಅವನು ಓಡಿಸಿದ ಕಬ್ಬಿಣಕ್ಕೆ ಬೆಳಗ್ಗೆ ಹೂವಿನ ಹಾರ ಬಿದ್ದಿತ್ತು. ಓಡಿಸಿದ ಕೈಗೆ ಬಾಳೆಲೆ ಬಿದ್ದದ್ದು ಹೊಸ್ತಿಲಿನ ಹೊರಗೆ. ಯಂತ್ರಪೂಜೆಯಲ್ಲಿ ಅಪಾಯವಿರುವುದು ದೊಡ್ಡಪ್ಪನವರು ಶಂಕಿಸಿದ ಸ್ಥಳದಲ್ಲಿ ಅಲ್ಲ, ಇಲ್ಲಿ. ಮಾತಾಡದ ವಸ್ತುವಿಗೆ ಕೃತಜ್ಞತೆ ಸಲ್ಲಿಸುವುದು ಸುಲಭ, ಅದು ಪ್ರತಿಯಾಗಿ ಏನನ್ನೂ ಕೇಳುವುದಿಲ್ಲ. ಮಾತಾಡಬಲ್ಲವನಿಗೆ ಸಲ್ಲಿಸಬೇಕಾದರೆ ಮನೆಯ ಹೊಸ್ತಿಲನ್ನೇ ಬದಲಿಸಬೇಕಾಗುತ್ತದೆ. ದಾಸೋಹದ ಹೆಸರು ಹೇಳುವ ಮನೆಯಲ್ಲಿ ಈ ಭೇದ ಉಳಿದಿರುವವರೆಗೆ ಬಾನೆಟ್ಟಿನ ಮೇಲಿನ ವಿಭೂತಿ ನಿಷ್ಫಲವೆಂದೇ ನನ್ನ ಅಭಿಪ್ರಾಯ. ಆ ದಿನ ಇದನ್ನು ಮೊದಲು ಕಂಡುಕೊಂಡವರು ಕಬ್ಬಿಣಕ್ಕೆ ಕೈಮುಗಿಯದಿದ್ದ ದೊಡ್ಡಪ್ಪನವರೇ. ಅವರು ಒಳಗಿನ ಪಂಕ್ತಿಯಿಂದ ಎದ್ದು ಬಂದು ಜಗಲಿಯ ಮೇಲೆ ಡ್ರೈವರಣ್ಣನ ಪಕ್ಕದಲ್ಲಿ ಎಲೆ ಹಾಕಿಸಿಕೊಂಡರು.

ಉಪಕರಣವನ್ನು ಮನ್ನಿಸುವ ಭಾವ ನಮ್ಮೊಬ್ಬರದೇ ಅಲ್ಲ. ಜಪಾನಿನಲ್ಲಿ ಹೊಲಿಗೆಯವರು ಮುರಿದ ಸೂಜಿಗಳನ್ನು ವರ್ಷಕ್ಕೊಮ್ಮೆ ದೇವಾಲಯಕ್ಕೆ ಒಯ್ದು ಮೃದುವಾದ ತೋಫುವಿನಲ್ಲಿ ಚುಚ್ಚಿಟ್ಟು, ಗಟ್ಟಿಬಟ್ಟೆಯಲ್ಲಿ ದುಡಿದುದಕ್ಕೆ ಅವಕ್ಕೆ ವಿಶ್ರಾಂತಿ ಕೊಡುತ್ತಾರೆ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಜನವರಿಯ ಒಂದು ಭಾನುವಾರ ನೇಗಿಲನ್ನು ಚರ್ಚಿನೊಳಕ್ಕೆ ತಂದು ಆಶೀರ್ವಾದ ಬೇಡುವ ಪದ್ಧತಿಯುಂಟು. ಆದರೆ ನಮ್ಮ ಸೀಮೆಯ ಪಂಚಾಂಗವು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆಯೆಂದು ನನಗೆ ತೋರುತ್ತದೆ, ಏಕೆಂದರೆ ಅದು ಆಯುಧದ ಪೂಜೆಯನ್ನು ಒಂಟಿಯಾಗಿ ಬಿಟ್ಟಿಲ್ಲ. ನವಮಿ ಕಳೆದ ಆರನೆಯ ದಿನಕ್ಕೆ ಬರುವುದು ಭೂಮಿಹುಣ್ಣಿಮೆ. ಪೈರು ಹೊಡೆಗಟ್ಟುವ ಆ ಕಾಲದಲ್ಲಿ ಭೂಮಿಯನ್ನು ಬಸುರಿಯೆಂದು ಭಾವಿಸಿ ಅವಳಿಗೆ ಸೀಮಂತ ಮಾಡುತ್ತಾರೆ. ಹೆಂಗಸರು ರಾತ್ರಿಯೆಲ್ಲ ಎಚ್ಚರವಿದ್ದು ಕಡುಬು, ಚಿತ್ರಾನ್ನ, ನಾನಾ ಬಗೆಯ ಸೊಪ್ಪುಗಳ ಬೆರಕೆಯನ್ನು ಬೇಯಿಸಿ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ತುಂಬಿಸುತ್ತಾರೆ. ನಸುಕಿಗೆ ಗಂಡಸರು ಅದನ್ನು ಹೊತ್ತು ಗದ್ದೆಗೆ ನಡೆದು, ಭೂಮಿತಾಯಿ ಉಣ್ಣಲೆಂದು ಕೂಗುತ್ತ ನಾಲ್ಕು ದಿಕ್ಕಿಗೂ ಬೀರುತ್ತಾರೆ. ಕಾಗೆಗೂ ಇಲಿಗೂ ಎಡೆ ತೆಗೆದಿಡುತ್ತಾರೆ. ಬೆಳೆಯನ್ನು ತಿನ್ನುವ ಇಲಿಗೂ ಎಡೆ! ಮನುವೂ ಪರಾಶರನೂ ಕಂಡ ದೋಷವನ್ನು ಅವರ ಹೆಸರನ್ನೇ ಕೇಳದ ಜನ ತಾವಾಗಿಯೇ ಕಂಡುಕೊಂಡು, ಅದಕ್ಕೆ ಪರಿಹಾರವನ್ನು ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗುತ್ತಿದ್ದಾರೆ. ಮೊದಲು ಸೀಳಿದ ಕಬ್ಬಿಣಕ್ಕೆ ಮನ್ನಣೆ, ಆರು ದಿನಗಳ ಮೇಲೆ ಸೀಳಿಸಿಕೊಂಡ ಮಣ್ಣಿಗೆ ಉಪಚಾರ. ಇವೆರಡರಲ್ಲಿ ಒಂದನ್ನು ಮಾತ್ರ ನಡೆಸುವ ಮನೆ ಲೆಕ್ಕವನ್ನು ಅರ್ಧಕ್ಕೆ ನಿಲ್ಲಿಸಿದ ಮನೆ. ಕೇಜ್‌ವೀಲ್ ಕಟ್ಟಿ, ರೋಟವೇಟರ್ ಹೂಡಿ, ಎತ್ತಿನ ನೇಗಿಲು ಎಂದೂ ಮಾಡದಷ್ಟು ನುಣ್ಣಗೆ ನೆಲವನ್ನು ಅರೆಯುವ ಈ ಕಾಲದಲ್ಲಿ, ಎರೆಹುಳುವಿನ ಪಾಲನ್ನು ಕೇಳುವವರು ಬುಟ್ಟಿ ಹೊತ್ತ ಈ ಜನರಲ್ಲದೆ ಮತ್ತಾರು?

ಉಳಿದುದು ವಿಸರ್ಜನೆಯ ಪ್ರಶ್ನೆ. ಋಣವಿದೆಯೆಂದು ಒಪ್ಪಿದ ಮೇಲೆ ಕೆಟ್ಟುನಿಂತ ಟ್ರಾಕ್ಟರನ್ನು ಗುಜರಿಗೆ ಹಾಕುವುದು ದ್ರೋಹವಾಗುವುದೆ? ಆಗಲಾರದೆಂದು ನನ್ನ ಭಾವನೆ. ಮಣ್ಣಿನ ಗಣಪತಿಯನ್ನು ಪೂಜಿಸಿ ನೀರಿಗೆ ಬಿಡುವ, ಭಿನ್ನವಾದ ವಿಗ್ರಹವನ್ನು ತೀರ್ಥದಲ್ಲಿ ಮುಳುಗಿಸುವ ಜನಕ್ಕೆ ರೂಪವನ್ನು ಬಿಟ್ಟುಕೊಡುವ ಧರ್ಮವು ಹೊಸದಲ್ಲ. ಶಿವಮೊಗ್ಗದ ಗುಜರಿ ಅಂಗಡಿಗಳಿಂದ ಹೊರಟ ಹಳೆಯ ಕಬ್ಬಿಣವು ಎರಕದ ಕುಲುಮೆಗಳಲ್ಲಿ ಕರಗಿ ಮತ್ತೊಂದು ವಾಹನದ ಭಾಗವಾಗಿ ಹೊರಬರುವುದುಂಟು. ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ಹಿಡಿದು ನಿಲ್ಲುವುದಕ್ಕಿಂತ ಅದು ಉತ್ತಮವಾದ ಗತಿ. ಕಬ್ಬಿಣವನ್ನು ಕಾಪಾಡಿಕೊಂಡು ಕಬ್ಬಿಣದ ಹಿಂದಿದ್ದವರನ್ನು ಮರೆಯುವುದೇ ದ್ರೋಹ. ಊಟವಾದ ಮೇಲೆ ಜಗಲಿಯಲ್ಲಿ ಈ ಮಾತೇ ಎದ್ದಿತು. ಮ್ಯಾಸಿಯನ್ನು ಮತ್ತೆ ಎಳೆದುಕೊಂಡು ಹೋಗುವುದು ಬೇಡ, ಇಲ್ಲಿಂದಲೇ ಕೊಟ್ಟುಬಿಡೋಣವೆಂದು ಅತ್ತೆಯ ಮಗ ಹೇಳಿದನು. ದೊಡ್ಡಪ್ಪನವರು, ಕೊಡುವುದಾದರೆ ಕೊಡಿ, ಆದರೆ ಗುಜರಿಯ ಹಣ ಮನೆಯೊಳಕ್ಕೆ ಬರಕೂಡದು, ಓಡಿಸಿದವನಿಗೆ ಸೇರಲಿ ಎಂದರು. ಡ್ರೈವರಣ್ಣ ಬೇಡವೆಂದು ತಲೆಯಾಡಿಸಿದನು. ಅತ್ತೆ ಅಡಿಗೆಮನೆಯಿಂದ ಹೊರಗೆ ಬಂದು, ಹುಣ್ಣಿಮೆ ಕಳೆಯುವವರೆಗೆ ಯಾರೂ ಮುಟ್ಟುವಂತಿಲ್ಲ, ಆಮೇಲೆ ತೂಕ ಹಾಕಿಸುವಾಗ ಅವನನ್ನೇ ಕರೆದುಕೊಂಡು ಹೋಗಿ ತೂಕದ ಚೀಟಿಯನ್ನು ಅವನ ಕೈಗೇ ಕೊಡಿ ಎಂದು ಮಗನಿಗೆ ಹೇಳಿದರು.